ಹಾರದ ವಿಮಾನಕ್ಕೆ ದಾರಿ ತೋರುವ ಮುಳ್ಳು

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೋಗುವ ರಸ್ತೆಯಲ್ಲಿ, ತಮಿಳುನಾಡಿನ ಗಡಿಗೆ ಸಮೀಪದಲ್ಲಿ ಪುಣಜನೂರು ಇದೆ. ಸುತ್ತ ಕಾಡು, ಪಕ್ಕದಲ್ಲಿ ಬಿಳಿಗಿರಿರಂಗನ ಬೆಟ್ಟಸಾಲು. ಈ ಊರಿನ ಮೇಲೆ ನೀವು ವಿಮಾನ ನಡೆಸುತ್ತಿದ್ದೀರಿ ಎಂದು ಭಾವಿಸಿ. ಮೋಡ ಕವಿದಿದೆ, ಕೆಳಗೆ ಏನೂ ಕಾಣದು. ಬೆಂಗಳೂರು ಯಾವ ಕಡೆಗೆ? ಅದನ್ನು ಹೇಳಬೇಕಾದದ್ದು ನಿಮ್ಮೆದುರಿನ ಫಲಕದ ಒಂದು ಮುಳ್ಳು. ಇಂಥ ಹಾರಾಟವನ್ನು ನೆಲದ ಮೇಲೆಯೇ ಅಭ್ಯಾಸ ಮಾಡಿಸುವ ಯಂತ್ರವೇ ಸಿಮ್ಯುಲೇಟರ್.

1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಮೊದಲ ಯಶಸ್ವಿ ಸಿಮ್ಯುಲೇಟರನ್ನು ರೂಪಿಸಿದಾಗ, ಅದನ್ನು ಓಲಾಡಿಸಿದ್ದು ಅವನ ತಂದೆಯ ಆರ್ಗನ್ ವಾದ್ಯದ ಕಾರ್ಖಾನೆಯ ತಿದಿಗಳು. ನಮ್ಮ ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯೂ ಸಿಮ್ಯುಲೇಟರುಗಳನ್ನು ನಿರ್ಮಿಸಿದೆ. ಹಗುರ ಯುದ್ಧವಿಮಾನ 2001ರ ಜನವರಿ 4ರಂದು ಮೊದಲ ಬಾರಿಗೆ ಹಾರುವ ಮುನ್ನ, ಪೈಲಟ್‌ಗಳು ಸಿಮ್ಯುಲೇಟರಿನಲ್ಲಿ ಅದನ್ನು ಹಲವು ಸಲ ‘ಹಾರಿಸಿ’ ನೋಡಿದ್ದರು.

ನಿಜವಾದ ವಿಮಾನದ ಮುಳ್ಳಿಗೆ ದಿಕ್ಕು ತಿಳಿಯುವುದು ಹೇಗೆ? ಒಂದು ದೀಪಸ್ತಂಭವನ್ನು ಕಲ್ಪಿಸಿಕೊಳ್ಳಿ. ಅದರ ಬೆಳಕಿನ ಕೋಲು 60 ಸೆಕೆಂಡಿಗೆ ಒಂದು ಸುತ್ತು ತಿರುಗುತ್ತದೆ. ಕೋಲು ಉತ್ತರಕ್ಕೆ ಬಂದೊಡನೆ ಎಲ್ಲ ದಿಕ್ಕಿಗೂ ಕಾಣುವ ಮಿಂಚೊಂದು ಹೊಳೆಯುತ್ತದೆ. ಮಿಂಚು ಕಂಡ 15 ಸೆಕೆಂಡಿನ ನಂತರ ಕೋಲು ನಿಮ್ಮನ್ನು ಮುಟ್ಟಿದರೆ ನೀವು 90 ಡಿಗ್ರಿಯಲ್ಲಿ, ಅಂದರೆ ಸ್ತಂಭದ ಪೂರ್ವಕ್ಕೆ ಇದ್ದೀರಿ. ವಿ.ಓ.ಆರ್. ಎಂಬ ರೇಡಿಯೊ ಕೇಂದ್ರದ ತತ್ತ್ವವೂ ಇದೇ. ಅಲ್ಲಿ ಬೆಳಕಿನ ಬದಲು ರೇಡಿಯೊ ಅಲೆ. ಸೆಕೆಂಡಿಗೆ 30 ಸುತ್ತು.

ಸಿಮ್ಯುಲೇಟರಿನಲ್ಲಿ ಅಲೆಯೂ ಇಲ್ಲ, ಆಂಟೆನಾ ಕೂಡ ಇಲ್ಲ. ಇರುವುದು ಲೆಕ್ಕ ಮಾತ್ರ. ವಿಮಾನದ ಮತ್ತು ಕೇಂದ್ರದ ಅಕ್ಷಾಂಶ ರೇಖಾಂಶಗಳಿಂದ ಕಂಪ್ಯೂಟರು ಕೋನವನ್ನು ಕಂಡುಹಿಡಿಯುತ್ತದೆ. ಪುಣಜನೂರು ಬೆಂಗಳೂರಿನ ನೈಋತ್ಯಕ್ಕಿದೆ; ಕೋನ 205 ಡಿಗ್ರಿ ಎಂದಿಟ್ಟುಕೊಳ್ಳೋಣ. ನೀವು ಗುಂಡಿ ತಿರುಗಿಸಿ 200 ಡಿಗ್ರಿಯ ದಾರಿಯನ್ನು ಆರಿಸಿದ್ದರೆ ವ್ಯತ್ಯಾಸ 5 ಡಿಗ್ರಿ. ಈ ಉಪಕರಣದಲ್ಲಿ 10 ಡಿಗ್ರಿಗೆ ಮುಳ್ಳು ಅಂಚು ಮುಟ್ಟುತ್ತದೆ. ಆದ್ದರಿಂದ ಈಗ ಅದು ಅರ್ಧ ದೂರ ಸರಿಯಬೇಕು. ಒಂದು ಎಚ್ಚರಿಕೆ: 359ಕ್ಕೂ 1ಕ್ಕೂ ನಡುವಿನ ವ್ಯತ್ಯಾಸ 2 ಡಿಗ್ರಿಯೇ ಹೊರತು 358 ಅಲ್ಲ. ಇದನ್ನು ಮರೆತರೆ ಮುಳ್ಳು ಉತ್ತರದ ಬಳಿ ಹುಚ್ಚೆದ್ದು ಓಡುತ್ತದೆ.

ಇನ್ನು ತಯಾರಿಕೆ. ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರ್ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದರಿಂದ ಹೊರಬರುವ ಅಂಕಿಗಳನ್ನು ಒಂದು ಚಿಕ್ಕ ಮೈಕ್ರೊಕಂಟ್ರೋಲರ್ ಓದಿಕೊಂಡು ಮೋಟಾರನ್ನು ತಿರುಗಿಸುತ್ತದೆ. ಪಕ್ಕಕ್ಕೆ ಸರಿಯುವ ಮುಳ್ಳಿಗೆ ಆಟಿಕೆ ವಿಮಾನದ ಸರ್ವೊ ಮೋಟಾರು ಸಾಕು. ಪೂರ್ತಿ ಸುತ್ತಬೇಕಾದ ದಿಕ್ಸೂಚಿ ಫಲಕಕ್ಕೆ ಸ್ಟೆಪರ್ ಮೋಟಾರು ಬೇಕು. ಸುತ್ತಿಗೆ 200 ಹೆಜ್ಜೆ ಇಡುವ ಮೋಟಾರಿನಲ್ಲಿ ಒಂದು ಹೆಜ್ಜೆಗೆ 1.8 ಡಿಗ್ರಿ. ಆದರೆ ವಿದ್ಯುತ್ ಬಂದಾಗ ತಾನು ಎಲ್ಲಿದ್ದೇನೆಂಬುದು ಅದಕ್ಕೆ ತಿಳಿಯದು. ಸೊನ್ನೆಯ ಸ್ಥಾನವನ್ನು ಗುರುತಿಸಲು ಒಂದು ಬೆಳಕಿನ ಸಂವೇದಕವನ್ನು ಇಡಬೇಕು.

ಕೊನೆಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ವಿ.ಓ.ಆರ್. ಅಲೆಗಳು ಬೆಟ್ಟವನ್ನು ದಾಟಿ ಬಾಗುವುದಿಲ್ಲ. ಬಿಳಿಗಿರಿಯ ಮರೆಯಲ್ಲಿ ತಗ್ಗಿ ಹಾರಿದರೆ ಸಂಕೇತ ತಪ್ಪುತ್ತದೆ. ಆಗ ಸಾಮಾನ್ಯವಾಗಿ ಮುಳ್ಳು ನಡುವಿಗೆ ಬಂದು ನಿಲ್ಲುತ್ತದೆ. ಸರಿಯಾದ ದಾರಿಯಲ್ಲಿದ್ದಾಗಲೂ ಮುಳ್ಳು ನಿಲ್ಲುವುದು ನಡುವಿನಲ್ಲೇ! ಎರಡನ್ನೂ ಬೇರ್ಪಡಿಸಿ ತಿಳಿಸುವುದು ಫಲಕದಲ್ಲಿ ಮೂಡುವ ಚಿಕ್ಕ ಎಚ್ಚರಿಕೆ ಪಟ್ಟಿ ಮಾತ್ರ. ನೀವು ಮಾಡಿದ ಉಪಕರಣದಲ್ಲಿ ಆ ಪಟ್ಟಿ ಇಲ್ಲದಿದ್ದರೆ, ಅದರಲ್ಲಿ ಕಲಿತವನು ಸತ್ತ ಮುಳ್ಳನ್ನೇ ನಂಬುವುದನ್ನು ಕಲಿಯುತ್ತಾನೆ. ನಿಜವಾದ ಬೆಟ್ಟದೆದುರು ಆ ಪಾಠಕ್ಕೆ ಪ್ರಾಣವೇ ಬೆಲೆಯಾದೀತು. ಆದ್ದರಿಂದ ಮುಳ್ಳನ್ನು ಕೂರಿಸುವ ಮೊದಲು ಆ ಪಟ್ಟಿಯನ್ನು ಕೂರಿಸಿ. ‘ನನಗೆ ಗೊತ್ತಿಲ್ಲ’ ಎಂದು ಹೇಳಬಲ್ಲ ಉಪಕರಣವೇ ನಂಬತಕ್ಕ ಉಪಕರಣ.