ಅಥೆನ್ಸಿನ ಕಾಡು, ಗುಬ್ಬಿಯ ರಂಗ

ಮಗಳು ತಾನು ಮೆಚ್ಚಿದವನನ್ನೇ ವರಿಸುವೆನೆಂದು ಹಟ ಹಿಡಿದಿದ್ದಾಳೆ. ತಂದೆ ದೊರೆಯ ಬಳಿ ದೂರು ತಂದಿದ್ದಾನೆ. ತಾನು ಗೊತ್ತುಮಾಡಿದ ವರನನ್ನು ಒಪ್ಪದಿದ್ದರೆ ಆಕೆಗೆ ಮರಣದಂಡನೆ ವಿಧಿಸಬೇಕೆಂಬುದು ಅವನ ಬೇಡಿಕೆ. ರಾಜ್ಯದ ಕಾನೂನೂ ಅವನ ಪರವಾಗಿಯೇ ಇದೆ. ದೊರೆ ತುಸು ಕನಿಕರ ತೋರಿ, ಆಜೀವ ಕನ್ಯಾವ್ರತವೆಂಬ ಇನ್ನೊಂದು ದಾರಿಯನ್ನು ಸೇರಿಸಿ, ಹೊಸ ಚಂದ್ರ ಮೂಡುವವರೆಗೆ ಗಡುವು ನೀಡುತ್ತಾನೆ. ಇದು ಯಾವುದೋ ದುರಂತ ನಾಟಕದ ಆರಂಭವಲ್ಲ. ಷೇಕ್ಸ್‌ಪಿಯರ್ 1595-96ರ ಸುಮಾರಿಗೆ ರಚಿಸಿದ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ಎಂಬ ಪ್ರಣಯ ಹಾಸ್ಯ ನಾಟಕದ ಮೊದಲ ದೃಶ್ಯ.

ಅಥೆನ್ಸಿನ ಕಾನೂನು ತಲುಪದ ಊರಿಗೆ ಹೊರಟ ಪ್ರೇಮಿಗಳು ಇರುಳಿನಲ್ಲಿ ಕಾಡು ಹೊಗುತ್ತಾರೆ. ಅಲ್ಲಿ ಯಕ್ಷರ ರಾಜ ಒಬೆರಾನ್ ಮತ್ತು ರಾಣಿ ಟೈಟೇನಿಯಾರ ನಡುವೆ ದಾಂಪತ್ಯ ಕಲಹ. ರಾಜನ ಕಿಂಕರನಾದ ಪಕ್ ಒಂದು ಹೂವಿನ ರಸವನ್ನು ಯಾರ ಕಣ್ಣಿಗೋ ಹಿಂಡಿ, ಯಾರು ಯಾರನ್ನು ಪ್ರೀತಿಸಬೇಕೆಂಬುದನ್ನೇ ಅದಲುಬದಲು ಮಾಡುತ್ತಾನೆ. ಈ ಪಕ್ ಕೇವಲ ಕವಿಕಲ್ಪನೆಯಲ್ಲ. ಐರ್ಲೆಂಡಿನ ಜನಪದದ ‘ಪೂಕಾ’ ಅವನ ನೆಂಟ. ವೇಲ್ಸ್ ಸೀಮೆಯಲ್ಲೂ ಅದೇ ಹೆಸರಿನ ದಾಯಾದಿಯೊಬ್ಬನಿದ್ದಾನೆ. ದಾರಿಹೋಕರನ್ನು ದಿಕ್ಕುತಪ್ಪಿಸುವ, ಕರಿಯ ಕುದುರೆಯಾಗಿ ಬಂದು ಬೆನ್ನಿಗೇರಿಸಿಕೊಂಡು ಓಡುವ ಕೆಲ್ಟಿಕ್ ಸೀಮೆಯ ತುಂಟ ಭೂತವದು. ಕುದುರೆ ಸಾಕಣೆಗೆ ಹೆಸರಾದ, ಕೊಳ್ಳಿದೆವ್ವದ ಕಥೆ ಕೇಳಿ ಮಕ್ಕಳು ಬೆಳೆದ ಕುಣಿಗಲ್ ಕಡೆಯವರಿಗೆ ಇವನು ತೀರ ಅಪರಿಚಿತನೇನೂ ಆಗಲಾರ.

ಕನ್ನಡಿಗರು ಈ ನಾಟಕವನ್ನು ಬಹಳ ಹಿಂದೆಯೇ ತಮ್ಮದಾಗಿಸಿಕೊಂಡರು. ‘ಮ್ಯಾಕ್‌ಬೆತ್’ ಅನ್ನು ‘ಪ್ರತಾಪರುದ್ರದೇವ’ವಾಗಿಸಿದ ಎಂ.ಎಲ್. ಶ್ರೀಕಂಠೇಶಗೌಡರು ಇದನ್ನು ‘ಪ್ರಮೀಳಾರ್ಜುನೀಯ’ವಾಗಿ ಮರುರಚಿಸಿದರು. ದೊರೆಗೆ ಸೋತು ಅವನ ಕೈಹಿಡಿಯುವ ಸ್ತ್ರೀಯೋಧರ ರಾಣಿಯ ಸ್ಥಾನಕ್ಕೆ, ‘ಜೈಮಿನಿ ಭಾರತ’ದಲ್ಲಿ ಅಶ್ವಮೇಧದ ಕುದುರೆಯನ್ನು ತಡೆದ ಸ್ತ್ರೀರಾಜ್ಯದ ಪ್ರಮೀಳೆ ಎಷ್ಟು ಸಹಜವಾಗಿ ಹೊಂದಿಕೊಳ್ಳುತ್ತಾಳೆ!

ತುಮಕೂರು ಜಿಲ್ಲೆಗಂತೂ ಪ್ರಣಯ ಹಾಸ್ಯ ಮನೆಯ ಸ್ವತ್ತು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಗೆ ಬಾಲನಟರಾಗಿ ಸೇರಿದ ವೀರಣ್ಣನವರು 1917ರಲ್ಲಿ ಅದರ ಒಡೆತನ ವಹಿಸಿಕೊಂಡರು. ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಸಾಹಸಿ ಅವರು. ಆದರೂ ಜನ ಅವರನ್ನು ಮನೆಮಾತಾಗಿಸಿಕೊಂಡಿದ್ದು ‘ಸದಾರಮೆ’ಯ ಕಳ್ಳನ ಪಾತ್ರದಿಂದ. ವರ್ತಕನ ಮಗಳನ್ನು ವರಿಸುವ ರಾಜಕುಮಾರ, ಗಂಡುವೇಷ ತೊಟ್ಟು ಸಂಕಟಗಳನ್ನು ದಾಟುವ ನಾಯಕಿ, ನಡುವೆ ನಗಿಸುವ ಕಳ್ಳ. ಸ್ವಂತ ಮನೆಯಲ್ಲಿ ಅಂತಸ್ತು ಮೀರಿದ ಸಂಬಂಧವನ್ನು ಕನಸಿನಲ್ಲೂ ಒಪ್ಪದ ಗೃಹಸ್ಥರು, ಟಿಕೆಟ್ ಕೊಂಡು ಡೇರೆಯೊಳಗೆ ಕುಳಿತು, ಆ ಜೋಡಿ ಮತ್ತೆ ಒಂದಾಗಲೆಂದು ಹಾರೈಸಿದರು. ಅಥೆನ್ಸಿನ ಕಾಡು ಮಾಡಿದ ಕೆಲಸವನ್ನೇ ಗುಬ್ಬಿಯ ಡೇರೆಯೂ ಮಾಡಿತು.

ಈ ಮಾತು ನನಗೆ ಮುಖ್ಯವಾಗಲು ಒಂದು ಕಾರಣವಿದೆ. ಸೇವೆಯಲ್ಲಿದ್ದಾಗ ಒಂದು ಕಚೇರಿಯಲ್ಲಿ, ಬೇರೆ ಬೇರೆ ಜಾತಿಯ ಯುವಕ ಯುವತಿಯರಿಬ್ಬರು 1954ರ ವಿಶೇಷ ವಿವಾಹ ಕಾಯ್ದೆಯನ್ವಯ ಅರ್ಜಿ ಹಿಡಿದು ಬಂದಿದ್ದರು. ಆ ಕಾಯ್ದೆಯ ಪ್ರಕಾರ ಮದುವೆಯ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು. 30 ದಿನಗಳೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. “ಸಾರ್, ಈ ಕಾಗದವನ್ನು ಬೋರ್ಡಿಗೆ ಹಾಕದೆ ಇರಲಾಗುವುದಿಲ್ಲವೆ?” ಎಂದು ಆ ಹುಡುಗಿ ಮೆಲ್ಲಗೆ ಕೇಳಿದಳು. ನಿಯಮದಲ್ಲಿ ಅವಕಾಶವಿಲ್ಲವೆಂದೆ. ಅದು ನಿಜವೂ ಆಗಿತ್ತು. ಮೂವತ್ತು ದಿನಗಳು ಕಳೆದವು. ಯಾರ ಆಕ್ಷೇಪಣೆಯೂ ಬರಲಿಲ್ಲ, ಅವರಿಬ್ಬರೂ ಬರಲಿಲ್ಲ. ಕಡತ ಕ್ರಮಬದ್ಧವಾಗಿ ಮುಕ್ತಾಯಗೊಂಡಿತು. ನಿವೃತ್ತನಾದ ಮೇಲೂ ಆ ಪ್ರಶ್ನೆ ಮಾತ್ರ ನನ್ನಲ್ಲಿ ಮುಕ್ತಾಯಗೊಂಡಿಲ್ಲ.

ನಾಟಕದ ಕೊನೆಯನ್ನು ಗಮನಿಸಿ. ಬೆಳಗಾದಾಗ ತಂದೆ ಹಳೆಯ ಹಟವನ್ನೇ ಹಿಡಿದಿರುತ್ತಾನೆ. ದೊರೆ ಅವನ ಮಾತನ್ನು ಬದಿಗಿಟ್ಟು ಜೋಡಿಗಳನ್ನು ಮದುವೆಗೆ ಕರೆದೊಯ್ಯುತ್ತಾನೆ. ಕಾನೂನು ರದ್ದಾದಂತೆ ಕಾಣುವುದಿಲ್ಲ. ಆಳುವವನ ಮನಸ್ಸು ಬದಲಾಗಿದೆ, ಅಷ್ಟೆ. ನಮ್ಮ ಸ್ಥಿತಿ ಇದಕ್ಕೆ ತಿರುವುಮುರುವು. ಪ್ರಾಪ್ತವಯಸ್ಕರಿಬ್ಬರು ಒಪ್ಪಿ ಮದುವೆಯಾಗಲು ಕುಟುಂಬದ, ಸಮುದಾಯದ ಸಮ್ಮತಿ ಅಗತ್ಯವಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಶಕ್ತಿವಾಹಿನಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಕಾನೂನು ಬಹುದೂರ ಸಾಗಿದೆ. ಮನಸ್ಸು ಅಲ್ಲೇ ನಿಂತಿದೆ. ಮನಸ್ಸನ್ನು ಸರ್ಕಾರಿ ಆದೇಶದಿಂದ ಬದಲಿಸಲಾಗದೆಂಬುದನ್ನು ನಾನು ಅನುಭವದಿಂದ ಬಲ್ಲೆ. ಆದರೆ ನಗು ಅದನ್ನು ತುಸುವಾದರೂ ಸಡಿಲಗೊಳಿಸಬಲ್ಲದು.

ನಾಟಕಕ್ಕೆ ನಮ್ಮಲ್ಲಿ ಬರವಿಲ್ಲ. ಈ ಜಿಲ್ಲೆಯ ಹಳ್ಳಿಗಳಲ್ಲಿ ಈಗಲೂ ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿ, ಸೀನರಿ ಬಾಡಿಗೆಗೆ ತಂದು, ರಾತ್ರಿಯಿಡೀ ಪೌರಾಣಿಕ ನಾಟಕ ಆಡುವವರಿದ್ದಾರೆ. ಪಾತ್ರ ಮಾಡುವವರೇ ಕೈಯಿಂದ ಹಣ ಹಾಕುತ್ತಾರೆ; ಕೃಷ್ಣ, ದುರ್ಯೋಧನರ ಪಾತ್ರಕ್ಕೆ ಬೆಲೆ ಹೆಚ್ಚು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಈ ಪೇಟೆಯ ತರ್ಕ ತಿಳಿಯುತ್ತದೆ: ದುರ್ಯೋಧನನಾಗಲು ಹಣ ಕೊಡುವವರಿದ್ದಾರೆ, ಕತ್ತೆಯ ತಲೆ ಹೊರಲು ಯಾರೂ ಕೊಡುವುದಿಲ್ಲ. ಷೇಕ್ಸ್‌ಪಿಯರನ ನಾಟಕದಲ್ಲಿ ಅಂಥವನೊಬ್ಬನಿದ್ದಾನೆ. ಬಡಗಿ, ದರ್ಜಿಯರೊಡನೆ ಕಾಡಿನಲ್ಲಿ ನಾಟಕದ ತಾಲೀಮಿಗೆ ಬಂದ ನೇಕಾರ ಬಾಟಮ್, ಪಕ್‌ನ ಚೇಷ್ಟೆಯಿಂದ ಕತ್ತೆಯ ತಲೆ ಹೊತ್ತು ಯಕ್ಷರಾಣಿಯ ಪ್ರೀತಿಗೆ ಪಾತ್ರನಾಗುತ್ತಾನೆ. ನಮ್ಮ ಹಳ್ಳಿಯ ಕಲಾವಿದರ ಸಾಕ್ಷಾತ್ ಬಂಧು ಅವನು.

ತುಮಕೂರು, ಗುಬ್ಬಿ, ಕುಣಿಗಲ್‌ಗಳ ಕಾಲೇಜುಗಳು ವರ್ಷಕ್ಕೊಂದು ಇಂಥ ನಾಟಕವನ್ನು ಕೈಗೆತ್ತಿಕೊಳ್ಳಲಿ. ‘ಸದಾರಮೆ’ಯಾದರೂ ಸರಿ, ‘ಪ್ರಮೀಳಾರ್ಜುನೀಯ’ವಾದರೂ ಸರಿ. ಪೇಟೆ ಬೆಲೆ ಕಟ್ಟದ ಆ ಪಾತ್ರಗಳ ವೆಚ್ಚವನ್ನು ಸಂಸ್ಕೃತಿ ಇಲಾಖೆ ಭರಿಸಲಿ. ಸಹಾಯಧನ ಎಂಬುದು ಇರುವುದೇ ಅಂಥ ಕೊರತೆಗೆ. ವಿದ್ಯಾರ್ಥಿಗಳ ತಂದೆತಾಯಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಲಿ. ಮಗಳ ವಿರುದ್ಧ ದೂರು ತಂದ ಆ ತಂದೆಯನ್ನು ಕಂಡು ಅವರು ಒಮ್ಮೆ ಮನಸಾರೆ ನಕ್ಕರೆ ಸಾಕು. ಮುಂದೊಂದು ದಿನ ಯಾವುದೋ ಕಚೇರಿಯ ಫಲಕದಲ್ಲಿ ತಮ್ಮ ಮಗಳ ಹೆಸರು ಕಂಡಾಗ, ಕೈ ಎತ್ತುವ ಮುನ್ನ ಆ ನಗು ನೆನಪಾದೀತು.