ಜಮೀನು ಹೋಗಿ ಬಂದ ಹಣ

ಭದ್ರಾ ಮೇಲ್ದಂಡೆ ಯೋಜನೆಯ ನಾಲೆಗಳಿಗೆ, ರಾಷ್ಟ್ರೀಯ ಹೆದ್ದಾರಿ 48ರ ವಿಸ್ತರಣೆಗೆ ಮತ್ತು ತುಮಕೂರು–ದಾವಣಗೆರೆ ನೇರ ರೈಲುಮಾರ್ಗಕ್ಕೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಜಮೀನು ಸ್ವಾಧೀನವಾಗುತ್ತ ಬಂದಿದ್ದು, ಮಳೆ ನಂಬಿ ಶೇಂಗಾ, ರಾಗಿ, ಮೆಕ್ಕೆಜೋಳ ಬಿತ್ತುತ್ತಿದ್ದ ಅಥವಾ ಕೊಳವೆಬಾವಿ ನೆಚ್ಚಿ ಅಡಿಕೆ, ತೆಂಗು ಬೆಳೆಸಿದ್ದ ಕುಟುಂಬಗಳ ಖಾತೆಗೆ ಜೀವಮಾನದಲ್ಲಿ ಒಮ್ಮೆ ಮಾತ್ರ ಕಾಣಬಹುದಾದಷ್ಟು ಹಣ ಒಂದೇ ಬಾರಿಗೆ ಜಮೆಯಾಗಿದೆ. ಇದನ್ನು ಹೊಸ ಸಂಪಾದನೆ ಎಂದು ಎಣಿಸುವುದು ತಪ್ಪು. ವರ್ಷ ವರ್ಷವೂ ಅನ್ನ ಕೊಡುತ್ತಿದ್ದ ಆಸ್ತಿಯೊಂದು ಹಣದ ರೂಪ ತಾಳಿದೆ ಎಂದು ತಿಳಿದರೆ ಮಾತ್ರ, ಅದನ್ನು ಎಲ್ಲಿ ತೊಡಗಿಸಬೇಕೆಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಗುತ್ತದೆ.

2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಗ್ರಾಮೀಣ ಜಮೀನಿನ ಮಾರುಕಟ್ಟೆ ಮೌಲ್ಯವನ್ನು ಸರ್ಕಾರ ಗೊತ್ತುಪಡಿಸಿದ 1ರಿಂದ 2ರವರೆಗಿನ ಗುಣಕದಿಂದ ಹೆಚ್ಚಿಸಿ, ಮರಗಿಡ ಮತ್ತು ಕಟ್ಟಡಗಳ ಬೆಲೆ ಸೇರಿಸಿ, ಒಟ್ಟು ಮೊತ್ತದಷ್ಟೇ ಸಾಂತ್ವನ ಧನವನ್ನು, ಅಂದರೆ ಒಲ್ಲದ ಮನಸ್ಸಿನಿಂದ ನೆಲ ಬಿಟ್ಟುಕೊಟ್ಟದ್ದಕ್ಕೆ ಸಲ್ಲುವ ಹೆಚ್ಚುವರಿ ಪರಿಹಾರವನ್ನು, ಕೂಡಿಸಲಾಗುತ್ತದೆ. ಹೀಗೆ ಬಂದ ಪರಿಹಾರಕ್ಕೆ ಅದೇ ಕಾಯ್ದೆಯ 96ನೇ ಕಲಮು ಆದಾಯ ತೆರಿಗೆಯಿಂದ ವಿನಾಯಿತಿ ನೀಡಿದೆಯಾದರೂ, ಆ ಹಣವನ್ನು ಠೇವಣಿ ಇಟ್ಟಾಗ ಹುಟ್ಟುವ ಬಡ್ಡಿ ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ಜಮೀನನ್ನು ತಾವಾಗಿಯೇ ಮಾರಿದವರ ಲೆಕ್ಕ ಬೇರೆ. ಜನಸಂಖ್ಯೆ ಲಕ್ಷ ದಾಟಿರುವ ಚಿತ್ರದುರ್ಗ ನಗರದ ಎಲ್ಲೆಯಿಂದ 6 ಕಿ.ಮೀ. ಒಳಗೆ, ಚಿಕ್ಕ ಊರುಗಳಾದ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಎಲ್ಲೆಯಿಂದ 2 ಕಿ.ಮೀ. ಒಳಗೆ ಇರುವ ಕೃಷಿಭೂಮಿಯ ಮಾರಾಟದ ಲಾಭಕ್ಕೆ ತೆರಿಗೆ ಉಂಟು, ಅದರಾಚೆಯದಕ್ಕೆ ಇಲ್ಲ. ಈ ಅಂತರವನ್ನು ರಸ್ತೆಯ ಉದ್ದದಿಂದಲ್ಲ, ನೇರ ಗೆರೆಯಲ್ಲಿ ಅಳೆಯುತ್ತಾರೆ.

ಹೂಡಿಕೆಗೆ ಮುನ್ನ ಇತ್ಯರ್ಥವಾಗಬೇಕಾದದ್ದು ಪಾಲು ಮತ್ತು ಸಾಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ ಎಂಬುದನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಸ್ಪಷ್ಟಪಡಿಸಿತು; ತಂದೆ ಆ ವೇಳೆಗೆ ಬದುಕಿರಬೇಕಿತ್ತೆಂಬ ವಾದವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ತಳ್ಳಿಹಾಕಿತು. ಅಕ್ಕತಂಗಿಯರ ಪಾಲನ್ನು ಕೊಡದೆ ಹೂಡಿದ ಹಣ ನ್ಯಾಯವಾಗಿ ಇನ್ನೂ ಹಂಚಬೇಕಾದ ಹಣವೇ ಆಗಿರುತ್ತದೆ. ಸಾಲದ ಮಾತಂತೂ ಬರಿಯ ಲೆಕ್ಕಾಚಾರದ್ದು: ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಯ ಕೈಸಾಲ ವರ್ಷಕ್ಕೆ ಶೇ 24 ನುಂಗುತ್ತದೆ, ಅಷ್ಟು ಆದಾಯವನ್ನು ಭದ್ರವಾಗಿ ಕೊಡುವ ಯಾವ ಹೂಡಿಕೆಯೂ ದೇಶದಲ್ಲಿಲ್ಲ, ಆದ್ದರಿಂದ ಅಂಥ ಸಾಲವನ್ನು ತೀರಿಸುವುದೇ ಎಲ್ಲಕ್ಕಿಂತ ಲಾಭದ ಹೂಡಿಕೆ.

ಉಳಿದ ಹಣವನ್ನು ಆರು ತಿಂಗಳಾದರೂ ಅಲುಗಿಸದೆ ಇಡುವುದು ವಿವೇಕ, ಏಕೆಂದರೆ ಹಣ ಬಂದ ಸುದ್ದಿ ಊರಿನಲ್ಲಿ ಹರಡಿದ ಮೊದಲ ವಾರಗಳಲ್ಲಿಯೇ ಕಾರು, ಟ್ರ್ಯಾಕ್ಟರ್, ಸೈಟು, ಚೀಟಿಗಳ ಪ್ರಸ್ತಾಪಗಳೆಲ್ಲ ಮನೆಬಾಗಿಲಿಗೆ ಬರುತ್ತವೆ. ಆದರೆ ಎಲ್ಲವನ್ನೂ ಒಂದೇ ಕಡೆ ಇಡುವುದು ಸಲ್ಲದು. ಬ್ಯಾಂಕಿನಲ್ಲಿಟ್ಟ ಠೇವಣಿಗೆ ವಿಮೆ ಇರುವುದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆಗಳೂ ಸೇರಿ, ಅಸಲು ಬಡ್ಡಿಗಳೆರಡನ್ನೂ ಒಳಗೊಂಡು 5 ಲಕ್ಷ ರೂಪಾಯಿವರೆಗೆ ಮಾತ್ರ. 2020ರ ಫೆಬ್ರುವರಿಗೆ ಮುಂಚೆ ಈ ಮಿತಿ 1 ಲಕ್ಷವಷ್ಟೇ ಇತ್ತು. ಅದೇ ವರ್ಷದ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಠೇವಣಿದಾರರು ತೆಗೆಯಬಹುದಾದ ಹಣವನ್ನು 35,000 ರೂಪಾಯಿಗೆ ಮಿತಗೊಳಿಸಿದಾಗ, ನಿವೃತ್ತಿಯ ಗಂಟನ್ನೆಲ್ಲ ಅಲ್ಲಿಯೇ ಇಟ್ಟಿದ್ದ ಹಿರಿಯರು ಪಟ್ಟ ಪಾಡು ಮರೆಯುವಂಥದ್ದಲ್ಲ. ಊರೂರಿನಲ್ಲಿರುವ ಪತ್ತಿನ ಸಹಕಾರ ಸಂಘಗಳು ಮತ್ತು ಸೌಹಾರ್ದ ಸಹಕಾರಿಗಳು ಬ್ಯಾಂಕುಗಳಲ್ಲವಾದ್ದರಿಂದ, ಅವು ಎಷ್ಟೇ ಪ್ರಾಮಾಣಿಕವಾಗಿ ನಡೆಯುತ್ತಿದ್ದರೂ, ಅಲ್ಲಿನ ಠೇವಣಿಗೆ ಈ ವಿಮೆಯ ರಕ್ಷಣೆಯೇ ಇಲ್ಲ. ಅರ್ಧ ಶೇಕಡ ಹೆಚ್ಚು ಬಡ್ಡಿಗಾಗಿ ಇಡೀ ಪರಿಹಾರವನ್ನು ಅಲ್ಲಿಡುವವರು ಈ ವ್ಯತ್ಯಾಸವನ್ನು ತಿಳಿದಿರಲೇಬೇಕು.

ಕೈಯಲ್ಲಿ 50 ಲಕ್ಷ ಉಳಿದಿರುವ, ಅರವತ್ತು ದಾಟಿದ ರೈತನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದಾಗಿದ್ದು, 2023ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇ 8.2ರ ದರದಲ್ಲಿ ಅದಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ. ಮಳೆ ಕೈಕೊಟ್ಟ ವರ್ಷದಲ್ಲಿಯೂ ನಿಲ್ಲದ ಈ ಆದಾಯ ಸಂಸಾರದ ಖರ್ಚಿಗೆ ಆಧಾರವಾಗುತ್ತದೆ. ಆದರೂ ಬಡ್ಡಿಯನ್ನೆಲ್ಲ ಉಂಡು ಅಸಲನ್ನು ಹಾಗೆಯೇ ಉಳಿಸಿಕೊಂಡರೆ ಸಾಕೆಂಬ ನಂಬಿಕೆಯಲ್ಲಿ ದೊಡ್ಡ ದೋಷವಿದೆ: ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ, ಇಂದಿನ 50 ಲಕ್ಷ ಇಪ್ಪತ್ತು ವರ್ಷಗಳ ನಂತರ ಕೊಳ್ಳಬಲ್ಲದ್ದು ಇಂದಿನ 19 ಲಕ್ಷದಷ್ಟನ್ನು ಮಾತ್ರ. ನೆಲದ ಬೆಲೆ ಕಾಲದೊಂದಿಗೆ ಏರುತ್ತಿತ್ತು, ಠೇವಣಿ ಹಾಗೆ ಏರುವುದಿಲ್ಲ. ಆದ್ದರಿಂದ ಒಂದು ಭಾಗವಾದರೂ ಬೆಳೆಯುವ ಕಡೆ ಇರಬೇಕು.

ಆ ಭಾಗಕ್ಕೆ ಬೇರೆ ಜಮೀನು ಕೊಳ್ಳುವುದು ರೈತರಿಗೆ ಸಹಜವಾದ ದಾರಿಯೇ ಹೌದು, ದುಡಿಯುವ ಮಕ್ಕಳಿದ್ದರೆ ಒಳ್ಳೆಯದೂ ಹೌದು, ಆದರೆ ಅಡಿಕೆ ಸಸಿ ನೆಟ್ಟು ಫಲ ಕಾಣಲು ಐದಾರು ವರ್ಷ ಬೇಕು, ಅಷ್ಟರಲ್ಲಿ ಕೊಳವೆಬಾವಿ ಬತ್ತಿದರೆ ತೋಟವೂ ಹಣವೂ ಒಟ್ಟಿಗೆ ಒಣಗುತ್ತವೆ. ಭೂಪರಿವರ್ತನೆಯಾಗದ, ಬಡಾವಣೆಗೆ ಮಂಜೂರಾತಿಯಿಲ್ಲದ ರೆವಿನ್ಯೂ ಸೈಟುಗಳನ್ನು ಬಿಟ್ಟುಬಿಡುವುದು ಲೇಸು. ಷೇರುಗಳಲ್ಲಿ ಹಣ ತೊಡಗಿಸುವ ಮ್ಯೂಚುವಲ್ ಫಂಡ್, ಅಂದರೆ ಹಲವರ ಹಣ ಒಗ್ಗೂಡಿಸಿ ಅನೇಕ ಕಂಪನಿಗಳಲ್ಲಿ ಹೂಡುವ ನಿಧಿ, ಹತ್ತು ವರ್ಷ ಮುಟ್ಟಬೇಕಾಗಿಲ್ಲದ ಹಣಕ್ಕೆ ಮಾತ್ರ ತಕ್ಕದ್ದು. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಅಕ್ಟೋಬರ್ ವೇಳೆಗೆ 9,000ಕ್ಕಿಂತ ಕೆಳಗಿಳಿದಿತ್ತು; 2010ರ ಕೊನೆಗೆ ಅದು ಮತ್ತೆ 21,000ಕ್ಕೇರಿತಾದರೂ, ನಡುವೆ ಮಗಳ ಮದುವೆಗೆಂದು ಹಣ ತೆಗೆಯಬೇಕಾಗಿ ಬಂದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಒಮ್ಮೆಲೇ ಹಾಕದೆ ಒಂದೆರಡು ವರ್ಷಗಳಲ್ಲಿ ಕಂತುಕಂತಾಗಿ ಹಾಕುವುದು ಇದಕ್ಕೆ ತಕ್ಕಮಟ್ಟಿನ ಪರಿಹಾರ.

ತಿಂಗಳಿಗೆ ಶೇ 3ರಷ್ಟು ಲಾಭದ ಮಾತು ಎತ್ತುವವರ ಬಳಿ ಹೆಚ್ಚಿನ ಚರ್ಚೆಯೇ ಬೇಡ. 2019ರಲ್ಲಿ ಕುಸಿದ ಬೆಂಗಳೂರಿನ ಐಎಂಎ ಸಂಸ್ಥೆಯಲ್ಲಿ ಹೂಡಿದವರಿಗೂ ಮೊದಮೊದಲು ತಿಂಗಳ ಹಣ ತಪ್ಪದೆ ಬರುತ್ತಿತ್ತು.

ಪ್ರತಿಯೊಂದು ಖಾತೆಗೂ ನಾಮಿನಿಯ ಹೆಸರು ಇರಬೇಕು. ಆದರೆ ನಾಮಿನಿ ಹಣವನ್ನು ಪಡೆದುಕೊಳ್ಳುವ ಅಧಿಕಾರವುಳ್ಳವರಷ್ಟೇ, ಒಡೆತನವನ್ನು ನಿರ್ಧರಿಸುವುದು ಉತ್ತರಾಧಿಕಾರದ ಕಾನೂನು ಇಲ್ಲವೇ ವಿಲ್. ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಬಿಳಿ ಹಾಳೆಯ ಮೇಲೆ ಬರೆದ ವಿಲ್ ಕೂಡ ಸಿಂಧುವಾಗುತ್ತದೆಯಾದರೂ, ಅದನ್ನು ತಾಲ್ಲೂಕಿನ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದೆ ಅದರ ನೈಜತೆಯನ್ನು ಪ್ರಶ್ನಿಸುವುದು ಕಷ್ಟವಾಗುತ್ತದೆ.