ಮತ್ಸ್ಯಭೋಜನವೂ ಗೃಹಸ್ಥಧರ್ಮವೂ

ಕಳೆದ ಆಷಾಢಮಾಸದಲ್ಲಿ ಶಹಾಪುರದ ಸೇವಾಸಂಘವೊಂದರ ಸಭೆಗೆ ನಮ್ಮನ್ನು ಅಧ್ಯಕ್ಷರನ್ನಾಗಿ ಕರೆದಿದ್ದರು. ಯಾದಗಿರಿ, ಸುರಪುರಗಳಿಂದಲೂ ಸದಸ್ಯರು ಬಂದಿದ್ದರು. ಮೀನಿನ ಸಂತತಿ ಅಳಿಯದಂತೆ ಮೀನನ್ನು ತಿನ್ನುವುದು ಹೇಗೆ ಎಂಬುದೇ ಅಂದಿನ ಭಾಷಣದ ವಿಷಯವು. ಜನ್ಮಾರಭ್ಯ ಶಾಕಾಹಾರಿಗಳಾದ ನಮಗೆ ಆ ಪೀಠವು ಸಲ್ಲದೆಂದು ಬಿನ್ನವಿಸಿದೆವು, ಸಂಘದವರು ಬಿಡಲಿಲ್ಲ. ಕಲಿಸಲು ಹೋದವರು ಕಲಿತು ಬಂದೆವು. ಕಲಿತುದನ್ನು ವಾಚಕರ ಮುಂದಿಡುವುದು ನಮ್ಮ ಹಳೆಯ ಅಭ್ಯಾಸವಷ್ಟೆ.

ಸಮುದ್ರದಿಂದ ಬಹುದೂರವಿರುವ ನಮ್ಮ ಸೀಮೆಗೆ ಈ ಚಿಂತೆಯೇಕೆಂದು ಕೆಲವರು ಕೇಳಬಹುದು. ಯಾದಗಿರಿಯ ಮಗ್ಗುಲಲ್ಲಿ ಭೀಮೆಯು ಹರಿಯುವಳು. ಸುರಪುರ, ಶಹಾಪುರ ಸೀಮೆಗಳ ದಕ್ಷಿಣದಲ್ಲಿ ಕೃಷ್ಣೆಯು ಸಾಗುವಳು. ನಾರಾಯಣಪುರದಲ್ಲಿ 1982ರಲ್ಲಿ ಪೂರ್ಣಗೊಂಡ ಬಸವಸಾಗರ ಅಣೆಕಟ್ಟಿನ ನೀರು ವಿಶಾಲವಾಗಿ ಹರಡಿರುವುದು. ಈ ನೀರುಗಳನ್ನೇ ನಂಬಿ ಬದುಕುವ ಕುಟುಂಬಗಳು ಅನೇಕ. ಇದಲ್ಲದೆ ಕರಾವಳಿಯ ಬಂಗುಡೆ, ಬೂತಾಯಿಗಳೂ ಬರ್ಫಿನ ಪೆಟ್ಟಿಗೆಗಳಲ್ಲಿ ಒಳನಾಡಿನ ಪೇಟೆಗಳಿಗೆ ಬರುವುವು.

ಭಾಷಣಕಾರರು ಮತ್ಸ್ಯವಿಜ್ಞಾನವನ್ನು ಓದಿದ ತರುಣರು. ಅವರು ಹೇಳಿದುದರ ಸಾರವಿಷ್ಟು: ಕಾಟ್ಲಾ, ರೋಹು, ಮೃಗಾಲ್ ಎಂಬ ದೊಡ್ಡ ಮೀನುಗಳು ಮಳೆಗಾಲದಲ್ಲಿ, ಹೊಳೆಗೆ ಹೊಸನೀರು ಬಂದಾಗ ಮೊಟ್ಟೆಯಿಡುವುವು. ಮೊಟ್ಟೆಯಿಡುವ ವಯಸ್ಸಿಗೆ ಬರಲು ಅವುಗಳಿಗೆ ಎರಡು ಮೂರು ವರ್ಷಗಳು ಬೇಕು. ಒಂದೊಂದು ಹೆಣ್ಣುಮೀನಿನ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆಗಳಿದ್ದರೂ ಬೆಳೆದು ದೊಡ್ಡದಾಗುವುವು ಕೆಲವು ಮಾತ್ರ. ಆದುದರಿಂದ ಆಷಾಢದಲ್ಲಿ ತುಂಬಿದ ಹೊಟ್ಟೆಯ ಮೀನನ್ನು ಹಿಡಿಯುವುದೆಂದರೆ ಬಿತ್ತನೆಯ ಕಾಳನ್ನೇ ಬೀಸಿ ರೊಟ್ಟಿ ತಟ್ಟಿದಂತೆ. ಇವು ನಿಂತ ನೀರಿನಲ್ಲಿ ಸಂತಾನ ಬೆಳೆಸವು. ಈ ಕೊರತೆಯನ್ನು ನೀಗಿದವರು ಹೀರಾಲಾಲ್ ಚೌಧುರಿಯವರು. 1957ನೆಯ ಜುಲೈ 10ರಂದು ಚುಚ್ಚುಮದ್ದಿನಿಂದ ಇಂತಹ ಮೀನುಗಳು ಮೊಟ್ಟೆಯಿಡುವಂತೆ ಮಾಡಿದರು. ಇಂದು ಕೆರೆಗಳಲ್ಲಿ ಬಿಡುವ ಮರಿಗಳೆಲ್ಲ ಬಹುಮಟ್ಟಿಗೆ ಆ ವಿದ್ಯೆಯ ಫಲವೇ.

ಸಮುದ್ರದ ಕಥೆಯೂ ಬೇರೆಯಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದೋಣಿಗಳು ಕಡಲಿಗಿಳಿಯಕೂಡದೆಂಬ ನಿಯಮವಿದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ದೊರೆತ ಬೂತಾಯಿಯು 2021ರಲ್ಲಿ ಮೂರುವರೆ ಸಾವಿರ ಟನ್ನಿಗೂ ಕಡಿಮೆಯಾಯಿತು. ಕಡಲಿನ ಬದಲಾವಣೆಯು ಇದಕ್ಕೊಂದು ಕಾರಣ; ಬೆಳೆಯದ ಮರಿಗಳನ್ನು ಬಾಚಿದುದು ಇನ್ನೊಂದು. ಅಲ್ಲಿಯ ಸರಕಾರವು ಬೂತಾಯಿ 10 ಸೆಂಟಿಮೀಟರಿಗಿಂತಲೂ ಬಂಗುಡೆ 14 ಸೆಂಟಿಮೀಟರಿಗಿಂತಲೂ ಚಿಕ್ಕದಿದ್ದರೆ ಹಿಡಿಯಬಾರದೆಂದು 2015ರಲ್ಲಿಯೇ ವಿಧಿಸಿತ್ತು.

ಭಾಷಣ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬನು ಎದ್ದು ನಿಂತನು. ಕೃಷ್ಣಾತೀರದ ಬಲೆಗಾರನು, ನಮ್ಮ ಹಳೆಯ ಶಿಷ್ಯನು. “ಮಾಸ್ತರ್ರ, ಅವರು ಹೇಳಿದ್ದು ಖರೇ ಐತ್ರಿ. ಆದ್ರ ಸಣ್ಣ ಮೀನ ನಾ ಬಿಟ್ರ ಹಿಂದಿನಾವ ಹಿಡೀತಾನ್ರಿ. ಸಂತ್ಯಾಗ ತಗೊಳ್ಳೋರು ಇರೂತನಕ ಬಲಿ ಬೀಳೂದರಿ. ನಮ್ಮ ಮನ್ಯಾಗೂ ಒಲಿ ಹತ್ತಬೇಕಲ್ರಿ?” ಎಂದನು. ಸಭೆಯು ನಿಶ್ಶಬ್ದವಾಯಿತು.

ಅಧ್ಯಕ್ಷಭಾಷಣಕ್ಕೆಂದು ಬರೆದು ತಂದಿದ್ದ ಹಾಳೆಯನ್ನು ಮಡಿಸಿಟ್ಟೆವು. ನಮಗೆ ನೆನಪಾದುದು ಅಶೋಕಚಕ್ರವರ್ತಿಯು. ನಮ್ಮ ನೆರೆಯ ಸನ್ನತಿಯಲ್ಲಿಯೂ ಅವನ ಶಾಸನಗಳು ದೊರೆತಿವೆಯಷ್ಟೆ; ಆದರೆ ನಾವು ಹೇಳಹೊರಟ ಶಾಸನವು ಉತ್ತರದೇಶದ ಸ್ತಂಭಗಳ ಮೇಲಿರುವುದು. ಪಟ್ಟವೇರಿ 26 ವರ್ಷಗಳಾದ ಬಳಿಕ ಬರೆಯಿಸಿದ ಆ ಐದನೆಯ ಸ್ತಂಭಶಾಸನದಲ್ಲಿ, ಚಾತುರ್ಮಾಸ್ಯದ ಹುಣ್ಣಿಮೆಗಳೇ ಮೊದಲಾದ ಗೊತ್ತಾದ ದಿನಗಳಂದು ಮೀನನ್ನು ಕೊಲ್ಲಕೂಡದೆಂದಿಷ್ಟೇ ಅಲ್ಲ, ಮಾರಲೂಕೂಡದೆಂದು ಅವನು ವಿಧಿಸಿರುವನು. ಬಲೆಯನ್ನು ತಡೆದರೆ ಸಾಲದು, ಸಂತೆಯನ್ನೂ ತಡೆಯಬೇಕೆಂಬುದನ್ನು ಆ ಅರಸನು ಬಲ್ಲವನಾಗಿದ್ದನು. ಕಲ್ಯಾಣದ ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸವು 12ನೆಯ ಶತಮಾನದ್ದು. ಅದರ ಮತ್ಸ್ಯವಿನೋದವೆಂಬ ಭಾಗದಲ್ಲಿ 30ಕ್ಕೂ ಹೆಚ್ಚು ಬಗೆಯ ಮೀನುಗಳು ಅವುಗಳ ವಾಸಸ್ಥಾನ, ಆಹಾರಗಳೊಡನೆ ವರ್ಣಿತವಾಗಿವೆ. ಅರಸರೇ ಅಷ್ಟು ತಿಳಿದುಕೊಂಡಿದ್ದ ವಿಷಯದಲ್ಲಿ ಕೊಳ್ಳುವ ನಮಗೆ ಒಂದೆರಡು ಹೆಸರಾದರೂ ತಿಳಿದಿರಬೇಡವೆ?

ಆ ಬಳಿಕ ಭೋಜನವಾಯಿತು. ನಮಗೆ ರೊಟ್ಟಿ, ಪುಂಡಿಪಲ್ಯ. ಉಳಿದವರ ತಟ್ಟೆಗಳಲ್ಲಿ ಹೊಳೆಯ ಮೀನು. ಬಹುಪಾಲು ಮೊಟ್ಟೆ ತುಂಬಿದುವೇ! ಬೆಳಿಗ್ಗೆ ಸಂತೆಯಲ್ಲಿ ದೊರೆತುದನ್ನು ಅಡಿಗೆಯವನು ತಂದಿದ್ದನು. ಅವನನ್ನು ಕೇಳಿದವರಾರು, ಹೇಳಿದವರಾರು? ಭಾಷಣಕಾರರು ತಲೆ ತಗ್ಗಿಸಿದರು. ಸಂಘದ ಕಾರ್ಯದರ್ಶಿಗಳು ಎದ್ದು, ಇನ್ನು ಮುಂದೆ ಆಷಾಢ ಶ್ರಾವಣಗಳಲ್ಲಿ ಸಂಘದ ಪಂಕ್ತಿಯಲ್ಲಿ ಹೊಳೆಯ ಮೀನಿರದೆಂದು ಅಲ್ಲಿಯೇ ಸಾರಿದರು. ಶಿಷ್ಯನು ನಮ್ಮತ್ತ ನೋಡಿ ನಕ್ಕನು.

ಮೀನು ತಿನ್ನುವ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಕೊಳ್ಳುವಾಗ ಬೆಲೆಯೊಡನೆ ಊರನ್ನೂ ಕೇಳಿರಿ: ಕೆರೆಯಲ್ಲಿ ಸಾಕಿದುದೋ, ಹೊಳೆಯದೋ, ಕಡಲಿನದೋ? ಮಳೆಗಾಲದಲ್ಲಿ ಸಾಕಿದ ಮೀನನ್ನೇ ಆರಿಸಿರಿ. ಮೊಟ್ಟೆಯ ಮೀನನ್ನೂ ಬೆಳೆಯದ ಮರಿಯನ್ನೂ ಅಗ್ಗವೆಂದು ಕೊಳ್ಳಬೇಡಿರಿ. ಬೆಳೆದ ಮೀನಿಗೆ ನಾಲ್ಕು ಕಾಸು ಹೆಚ್ಚು ಕೊಡಿರಿ. ಬಲೆಗಾರನ ಮನೆಯ ಒಲೆಯು ಉರಿಯುವುದು ಅದರಿಂದಲೇ.

ಪಂಚತಂತ್ರದ ಮೂರು ಮೀನುಗಳ ಕಥೆಯನ್ನು ಬಾಲ್ಯದಲ್ಲಿ ಎಲ್ಲರೂ ಕೇಳಿರುವೆವು. ಮುಂದಾಲೋಚನೆಯ ಅನಾಗತವಿಧಾತನು ಮೊದಲೇ ಕೆರೆ ಬಿಟ್ಟು ಬದುಕಿದನು. ಆದುದಾಗಲೆಂದು ಕುಳಿತ ಯದ್ಭವಿಷ್ಯನು ಬಲೆಗೆ ಬಿದ್ದನು. ಆ ಕಥೆಯನ್ನು ಮೀನುಗಳಿಗೆ ಹೇಳಿ ಪ್ರಯೋಜನವಿಲ್ಲ. ಮುಂದಿನ ಸಂತೆಗೆ ಹೋಗುವ ಮುನ್ನ ನಾವೇ ಒಮ್ಮೆ ನೆನೆಯುವುದು ಲೇಸು.